ಕನ್ಸೆಂಟ್ ಆರ್ಡರ್ ಆಯ್ತು, ಮಕ್ಕಳ ಹಣ ಗಟ್ಟಿಯಾಯ್ತಾ?

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇವೆ. ಗಂಡ ಹೆಂಡತಿ ಬೇರೆಯಾಗುತ್ತಿದ್ದಾರೆ, ಮಕ್ಕಳ ಖರ್ಚಿಗೆ ಎಷ್ಟು ಅಂತ ಇಬ್ಬರೂ ಮಾತಾಡಿಕೊಂಡಿದ್ದಾರೆ, ಅದಕ್ಕೆ ಕೋರ್ಟಿನ ಮೊಹರು, ಅಂದರೆ ಕನ್ಸೆಂಟ್ ಆರ್ಡರ್, ಹಾಕಿಸಬೇಕು. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಅದಕ್ಕೇ. ನಾನು ಸಾಲಿಸಿಟರ್ ಆಗಿ ಕೆಲಸ ಮಾಡುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಹೇಳಿರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡ್‌ನ ಕೋರ್ಟು, ಕಾಗದ ಪತ್ರ ಎರಡೂ ಬೇರೆ. ಅಲ್ಲಿಯವರು ಅಲ್ಲಿಯ ವಕೀಲರನ್ನೇ ಕೇಳಿ.

ಪ್ರಶ್ನೆ: ಅಕ್ಕಾ, ನಮಸ್ಕಾರ. ರೆಡಿಂಗ್‌ನಲ್ಲಿದ್ದೇನೆ. ನಮ್ಮ ಡಿವೋರ್ಸ್ ಅರ್ಜಿ ನಡೀತಾ ಇದೆ. ಮಕ್ಕಳಿಗೆ 11 ಮತ್ತು 7 ವರ್ಷ. ದೊಡ್ಡ ಜಗಳ ಏನಿಲ್ಲ. ಮಕ್ಕಳಿಗೆ ತಿಂಗಳಿಗೆ 1,000 ಪೌಂಡ್ ಕೊಡ್ತೀನಿ ಅಂತ ಅವರೇ ಒಪ್ಪಿದ್ದಾರೆ. ಪೆನ್ಶನ್ ಹಿಡಿತ ಕಳೆದು, ತೆರಿಗೆಗೆ ಮುಂಚೆ ಅವರ ಸಂಬಳ ವರ್ಷಕ್ಕೆ 62,400. ಮಕ್ಕಳು ಎರಡು ವಾರಕ್ಕೊಮ್ಮೆ ಶುಕ್ರವಾರ, ಶನಿವಾರ ರಾತ್ರಿ ಅವರ ಮನೆಯಲ್ಲಿರ್ತಾರೆ. ಶಾಲೆ ರಜೆ ಅರ್ಧರ್ಧ. ಕನ್ಸೆಂಟ್ ಆರ್ಡರ್ ಮಾಡಿಸಿಬಿಟ್ರೆ ಚಿಕ್ಕವನಿಗೆ 18 ಆಗೋ ತನಕ ಚಿಂತೆ ಇಲ್ಲ ಅಂತಾಳೆ ನನ್ನ ಗೆಳತಿ. ಈ 1,000 ನಂಬಿಕೊಂಡು ಮನೆ ಮಾರಿದ ದುಡ್ಡಿನಲ್ಲಿ ನಾನು ಸ್ವಲ್ಪ ಕಡಿಮೆ ತಗೊಳ್ಳೋಕೆ ಒಪ್ಪಿದ್ದೇನೆ. ಸರಿ ತಾನೇ?

ಉತ್ತರ: ಕೊನೆಯ ಸಾಲು ಓದಿ ನನಗೆ ಗಾಬರಿಯಾಯಿತು. ಇನ್ನೂ ಸಹಿ ಹಾಕಿಲ್ಲ ಅಲ್ವಾ? ಹಾಕಿಲ್ಲದಿದ್ದರೆ ಒಳ್ಳೆಯದು.

ನಿಮ್ಮ ಗೆಳತಿ ಹೇಳಿದ್ದು ಒಂದು ವರ್ಷದ ಮಟ್ಟಿಗೆ ನಿಜ. ಮಕ್ಕಳ ಜೀವನಾಂಶಕ್ಕೆ ಈ ದೇಶದಲ್ಲಿ ಎರಡು ಬಾಗಿಲು. ಒಂದು ಕೋರ್ಟು, ಇನ್ನೊಂದು ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್ ಎಂಬ ಸರ್ಕಾರಿ ವ್ಯವಸ್ಥೆ. ಎಲ್ಲರೂ ಸಿ.ಎಂ.ಎಸ್. ಅಂತಲೇ ಕರೆಯುತ್ತಾರೆ. 1991ರ ಚೈಲ್ಡ್ ಸಪೋರ್ಟ್ ಕಾಯ್ದೆ ಬಂದ ಮೇಲೆ ತಂದೆ ತಾಯಿ ಜಗಳವಾಡಿಕೊಂಡು ಬಂದರೆ ಕೋರ್ಟು ಸಾಮಾನ್ಯವಾಗಿ ಮಗುವಿನ ತಿಂಗಳ ಹಣವನ್ನು ಗೊತ್ತುಮಾಡುವ ಹಾಗಿಲ್ಲ. ಅದು ಸಿ.ಎಂ.ಎಸ್. ಕೆಲಸ. ಇಬ್ಬರೂ ಒಪ್ಪಿ ಬರೆದುಕೊಂಡು ಬಂದರೆ ಮಾತ್ರ ಕೋರ್ಟು ಅದನ್ನು ಆದೇಶವಾಗಿ ಮಾಡಿಕೊಡಬಹುದು. ಕನ್ಸೆಂಟ್ ಆರ್ಡರ್ ಅಂದರೆ ಅದೇ.

ಆದೇಶ ಆದ ದಿನದಿಂದ ಒಂದು ವರ್ಷ ಇಬ್ಬರಲ್ಲಿ ಯಾರೂ ಸಿ.ಎಂ.ಎಸ್. ಬಾಗಿಲು ತಟ್ಟುವಂತಿಲ್ಲ. ವರ್ಷ ಕಳೆದ ಮರುದಿನವೇ ಯಾರು ಬೇಕಾದರೂ ತಟ್ಟಬಹುದು. 2003ರ ಮಾರ್ಚ್ 3ರಿಂದ ಈಚಿನ ಎಲ್ಲ ಆದೇಶಗಳಿಗೂ ಇದೇ ನಿಯಮ. ಸಿ.ಎಂ.ಎಸ್. ತನ್ನ ಲೆಕ್ಕ ಹಾಕಿತು ಅಂದರೆ ಆರ್ಡರ್‌ನಲ್ಲಿರುವ ತಿಂಗಳ ಹಣದ ಭಾಗ ಅಲ್ಲಿಗೆ ನಿಂತುಹೋಗುತ್ತದೆ. '18 ವರ್ಷದವರೆಗೆ' ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಬರೆಸಿದ್ದರೂ ಅಷ್ಟೇ.

ಹಾಗಾದರೆ ಸಿ.ಎಂ.ಎಸ್. ಲೆಕ್ಕ ಏನು ಹೇಳುತ್ತದೆ? ಪೆನ್ ತಗೊಳ್ಳಿ. 62,400 ಅಂದರೆ ವಾರಕ್ಕೆ 1,200 ಪೌಂಡ್. ಮೊದಲ 800ಕ್ಕೆ, ಇಬ್ಬರು ಮಕ್ಕಳಿದ್ದರೆ, 16%: ಅದು 128. ಮೇಲಿನ 400ಕ್ಕೆ 12%: ಅದು 48. ಒಟ್ಟು ವಾರಕ್ಕೆ 176. ಮಕ್ಕಳು ಅವರ ಮನೆಯಲ್ಲಿ ಮಲಗುವ ರಾತ್ರಿಗಳಿಗೆ ರಿಯಾಯಿತಿ ಇದೆ. ನೀವು ಬರೆದ ಪ್ರಕಾರ ಶಾಲೆಯ ದಿನಗಳ ವಾರಾಂತ್ಯ, ರಜೆಯ ಅರ್ಧ ಎಲ್ಲ ಸೇರಿ ವರ್ಷಕ್ಕೆ ಎಂಬತ್ತು ಚಿಲ್ಲರೆ ರಾತ್ರಿ ಆಗಬಹುದು. 52ರಿಂದ 103 ರಾತ್ರಿಯವರೆಗೆ ಏಳರಲ್ಲಿ ಒಂದು ಪಾಲು ಕಡಿತ. ಉಳಿಯುವುದು ವಾರಕ್ಕೆ 151ರ ಹತ್ತಿರ, ತಿಂಗಳಿಗೆ ಸುಮಾರು 654 ಪೌಂಡ್. ರಾತ್ರಿಗಳು 104 ಮುಟ್ಟಿದರೆ ಕಡಿತ ಏಳರಲ್ಲಿ ಎರಡಾಗುತ್ತದೆ. ಅವರು ಇನ್ನೊಂದು ಮದುವೆಯಾಗಿ ಆ ಮನೆಯಲ್ಲಿ ಒಂದು ಮಗು ಇದ್ದರೆ ಲೆಕ್ಕಕ್ಕೆ ಹಿಡಿಯುವ ಆದಾಯದಲ್ಲೇ 11% ಕಳೆದುಬಿಡುತ್ತಾರೆ.

ಅಂದರೆ ನಿಮ್ಮ 1,000ದಲ್ಲಿ 350ರಷ್ಟು ಅವರ ಒಳ್ಳೆಯತನದ ಮೇಲೆ ನಿಂತಿದೆ. ಇವತ್ತು ಒಳ್ಳೆಯವರೇ, ನನಗೂ ಅನುಮಾನ ಇಲ್ಲ. ಆದರೆ ಮನೆಯ ಹಣದ ಪಾಲು ಒಮ್ಮೆ ಆರ್ಡರ್ ಆದರೆ ಮುಗಿಯಿತು, ಅದು ತಿರುಗಿ ಬರುವುದಿಲ್ಲ. ತಿಂಗಳ ಹಣ ಬದಲಾಗುತ್ತಲೇ ಇರುತ್ತದೆ. ಬದಲಾಗದ್ದನ್ನು ಬಿಟ್ಟುಕೊಟ್ಟು ಬದಲಾಗುವುದನ್ನು ತಗೊಳ್ಳಬೇಡಿ. ಮನೆಯ ಪಾಲನ್ನು 654 ಬರುತ್ತದೆ ಅಂದುಕೊಂಡು ಮಾತಾಡಿ. 1,000 ಬಂದರೆ ಸಂತೋಷ.

ನಿಮ್ಮ ಸಂಬಳ ಕಡಿಮೆಯಿದ್ದು ನಿಮಗೂ ಜೀವನಾಂಶ ಬೇಕಾದ ಪರಿಸ್ಥಿತಿಯಾದರೆ ಇನ್ನೊಂದು ದಾರಿ ಇದೆ. ನಿಮ್ಮ ಮತ್ತು ಮಕ್ಕಳ ಹಣ ಸೇರಿಸಿ ಒಂದೇ ಮೊತ್ತ ಬರೆಸಿ, ಸಿ.ಎಂ.ಎಸ್. ಎಷ್ಟು ಗೊತ್ತುಮಾಡುತ್ತದೋ ಅಷ್ಟು ಅದರಲ್ಲಿ ಕಳೆಯುವಂತೆ ಮಾಡುವುದು. ವಕೀಲರು ಇದನ್ನು ಸೀಗಲ್ ಆರ್ಡರ್ ಅನ್ನುತ್ತಾರೆ. ಎಲ್ಲರಿಗೂ ಹೊಂದುವುದಿಲ್ಲ, ಆದರೂ ನಿಮ್ಮ ಸಾಲಿಸಿಟರ್ ಹತ್ತಿರ ಈ ಹೆಸರು ಹೇಳಿ ಕೇಳಿ ನೋಡಿ.

ಇಷ್ಟೆಲ್ಲ ಆದ ಮೇಲೆ ಕನ್ಸೆಂಟ್ ಆರ್ಡರ್ ಯಾಕೆ ಬೇಕು ಅಂತ ಕೇಳಬಹುದು. ಬೇಕು. ಬಾಯಿಮಾತಿನ ಒಪ್ಪಂದಕ್ಕೆ ಕೋರ್ಟಿನ ಬಲ ಇಲ್ಲ. ಮೊದಲ ಒಂದು ವರ್ಷ ಹೇಗೆ ಹೋಗುತ್ತದೋ ಮುಂದಿನ ಹತ್ತು ವರ್ಷವೂ ಬಹುಪಾಲು ಹಾಗೇ ಹೋಗುತ್ತದೆ. ಇದು ನಾನು ಕೆಲಸದಲ್ಲಿ ನೋಡಿದ ಮಾತು. ಮೊತ್ತ ಸಿ.ಎಂ.ಎಸ್. ಲೆಕ್ಕಕ್ಕೆ ಹತ್ತಿರ ಇದ್ದಷ್ಟೂ ಅದನ್ನು ಮುರಿಯಲು ಯಾರಿಗೂ ಮನಸ್ಸು ಬರುವುದಿಲ್ಲ. ಮುರಿದು ಸಿಗುವುದೇನು?

ಬರೆಸುವಾಗ ಹೇಗಿರಬೇಕು ಅಂತ ಒಂದು ಸಾಲು ಕನ್ನಡದಲ್ಲೇ ತೋರಿಸುತ್ತೇನೆ: 'ತಂದೆಯು ತಾಯಿಗೆ, ಮಕ್ಕಳಿಬ್ಬರ ಸಲುವಾಗಿ, ಒಂದೊಂದು ಮಗುವಿಗೆ ತಿಂಗಳಿಗೆ ಇಷ್ಟು ಪೌಂಡಿನಂತೆ, ಪ್ರತಿ ತಿಂಗಳ 1ನೇ ತಾರೀಕು, ಬ್ಯಾಂಕಿನ ಸ್ಟ್ಯಾಂಡಿಂಗ್ ಆರ್ಡರ್ ಮೂಲಕ ಕೊಡತಕ್ಕದ್ದು. ಮಗುವಿಗೆ 18 ತುಂಬುವ ದಿನ ಅಥವಾ ಶಾಲೆಯ ಓದು ಮುಗಿಯುವ ದಿನ, ಯಾವುದು ತಡವೋ ಅಲ್ಲಿಯವರೆಗೆ. ಪ್ರತಿ ವರ್ಷ ಇಂಥ ತಿಂಗಳಿನಲ್ಲಿ ಬೆಲೆ ಸೂಚ್ಯಂಕದ ಪ್ರಕಾರ ಏರತಕ್ಕದ್ದು.' ನೋಡಿ, ಒಂದೊಂದು ಮಗುವಿಗೆ ಇಷ್ಟು ಅಂತ ಇದೆ. ಇಬ್ಬರಿಗೂ ಸೇರಿಸಿ ಬರೆದರೆ ದೊಡ್ಡವಳು ಓದು ಮುಗಿಸಿದ ದಿನ ಚಿಕ್ಕವನ ಪಾಲು ಎಷ್ಟು ಅಂತ ಹೊಸ ಜಗಳ ಶುರು.

ದಾರಿ ಹೀಗಿದೆ. 2022ರ ಏಪ್ರಿಲ್ 6ರಿಂದ ತಪ್ಪು ಹೊರಿಸದ ಡಿವೋರ್ಸ್ ಬಂದಿದೆ. ಅರ್ಜಿ ಹಾಕಿ 20 ವಾರ ಆದ ಮೇಲೆ ಕಂಡೀಷನಲ್ ಆರ್ಡರ್, ಅಂದರೆ ಡಿವೋರ್ಸ್‌ನ ನಡುವಿನ ಹಂತದ ಆದೇಶ, ಕೇಳಬಹುದು. ಅದು ಸಿಕ್ಕ ಮೇಲೆ ಕನ್ಸೆಂಟ್ ಆರ್ಡರ್‌ನ ಕರಡು, ಫಾರ್ಮ್ ಎ, ಡಿ81 ಎಂಬ ಇನ್ನೊಂದು ಫಾರ್ಮ್ ಕಳಿಸಬೇಕು. ಡಿ81ರಲ್ಲಿ ಇಬ್ಬರ ಆದಾಯ, ಆಸ್ತಿ, ಸಾಲ, ಪೆನ್ಶನ್ ಎಲ್ಲ ಪಕ್ಕಪಕ್ಕದಲ್ಲಿ ಬರುತ್ತದೆ. ಸಾಮಾನ್ಯವಾಗಿ ಕೋರ್ಟಿಗೆ ಹೋಗಬೇಕಿಲ್ಲ, ಜಡ್ಜ್ ಕಾಗದ ನೋಡಿಯೇ ತೀರ್ಮಾನಿಸುತ್ತಾರೆ. ಸುಮ್ನೆ ಮೊಹರು ಒತ್ತುವುದಿಲ್ಲ. ಮಕ್ಕಳ ಹಿತ ಮೊದಲು ಅಂತ ಕಾನೂನೇ ಇದೆ. ಒಬ್ಬರ ಕಡೆ ಎಲ್ಲ, ಇನ್ನೊಬ್ಬರ ಕಡೆ ಏನೂ ಇಲ್ಲ ಅನ್ನುವ ಹಾಗೆ ಕಂಡರೆ ಯಾಕೆ ಅಂತ ಪತ್ರ ಬರೆದು ಕೇಳುತ್ತಾರೆ. ಒಪ್ಪಿಗೆಯಾಗದಿದ್ದರೆ ವಾಪಸ್ ಕಳಿಸುತ್ತಾರೆ.

ಪ್ರಶ್ನೆ: ಮೇಡಂ, ನಾನು ಸ್ಲೌನಲ್ಲಿರೋ ತಂದೆ. ಮಗಳಿಗೆ 5 ವರ್ಷ. ಮನೆಯ ನನ್ನ ಅರ್ಧ ಪಾಲು ಪೂರ್ತಿ ಬಿಟ್ಟುಕೊಟ್ಟರೆ ಮಗಳ ಖರ್ಚಿಗೆ ಅಂತ ಜನ್ಮದಲ್ಲಿ ಒಂದು ಪೆನ್ನಿ ಕೇಳಲ್ಲ ಅಂತಾಳೆ ನನ್ನ ಹೆಂಡತಿ. ಅದನ್ನು ಕನ್ಸೆಂಟ್ ಆರ್ಡರ್‌ನಲ್ಲಿ ಬರೆಸಿ 'ಕ್ಲೀನ್ ಬ್ರೇಕ್' ಮಾಡಿಕೊಳ್ಳೋಣ ಅಂತಿದ್ದೀವಿ. ಮುಂದೆ ಮಾತು ತಪ್ಪಿದರೆ ಆರ್ಡರ್ ತೋರಿಸಬಹುದಲ್ವಾ?

ಉತ್ತರ: ತೋರಿಸಬಹುದು, ಪ್ರಯೋಜನ ಇಲ್ಲ. ಕ್ಲೀನ್ ಬ್ರೇಕ್ ಅನ್ನುವುದು ಗಂಡ ಹೆಂಡತಿಯ ನಡುವಿನ ಲೆಕ್ಕ ಚುಕ್ತಾ ಮಾಡುತ್ತದೆ. ಮಗುವಿನ ಲೆಕ್ಕ ಚುಕ್ತಾ ಆಗುವುದಿಲ್ಲ. 'ಸಿ.ಎಂ.ಎಸ್.ಗೆ ಹೋಗುವುದಿಲ್ಲ' ಅಂತ ಯಾರೇ ಬರೆದುಕೊಟ್ಟರೂ ಆ ಮಾತು ಅನೂರ್ಜಿತ ಅಂತ 1991ರ ಕಾಯ್ದೆಯ 9ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ಅದರ ಮೇಲೆ ನಿಮ್ಮ ಆರ್ಡರ್‌ನಲ್ಲಿ ಮಗಳಿಗೆ ತಿಂಗಳ ಹಣವೇ ಇಲ್ಲದಿದ್ದರೆ ಅವರು ಒಂದು ವರ್ಷ ಕಾಯಬೇಕಾಗಿಯೂ ಇಲ್ಲ.

1994ರಲ್ಲಿ ಕ್ರೋಜಿಯರ್ ಎಂಬ ಪ್ರಕರಣ ಬಂತು. ಮಗುವಿನ ಖರ್ಚನ್ನು ತಾಯಿ ನೋಡಿಕೊಳ್ಳುವುದು ಅನ್ನುವ ಮಾತಿನ ಮೇಲೆ ತಂದೆ ಮನೆಯ ಪಾಲು ಬಿಟ್ಟುಕೊಟ್ಟಿದ್ದ. ಕನ್ಸೆಂಟ್ ಆರ್ಡರ್ ಆಗಿತ್ತು. ಆಮೇಲೆ ಇದೇ 1991ರ ಕಾಯ್ದೆ ಜಾರಿಗೆ ಬಂದು ಅವನ ಮೇಲೆ ಜೀವನಾಂಶ ಬಿತ್ತು. ಹಾಗಾದರೆ ಆ ಹಳೆಯ ಆರ್ಡರ್ ಬದಲಾಯಿಸಿ ಅಂತ ಕೇಳಿದ. ಕೋರ್ಟು ಆಗಲ್ಲ ಅಂದಿತು. ಮನೆಯೂ ಹೋಯಿತು, ತಿಂಗಳ ಹಣವೂ ಹೋಯಿತು. ಅವನಿಗಾದರೂ ಕಾಯ್ದೆ ನಡುವೆ ಬಂದು ಬಿತ್ತು. ನಿಮಗೆ ಕಣ್ಣೆದುರಿಗೇ ಇದೆ.

ನಿಮ್ಮ ಹೆಂಡತಿ ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಈಗ ಮನಸಾರೆ ಹೇಳುತ್ತಿರಬಹುದು. ನಾಳೆ ಅವರ ಕೆಲಸ ಹೋದರೆ? ಹಣ ಮಗಳಿಗೆ ಸೇರಿದ್ದು, ಕೇಳಲೇಬೇಕಾಗುತ್ತದೆ.

ಅಮ್ಮ ಮಗಳಿಗೆ ಅದೇ ಮನೆ ಇರಲಿ ಅನ್ನುವುದು ನಿಮ್ಮ ಆಸೆಯಾದರೆ ಪಾಲು ಬಿಡುವ ಅಗತ್ಯವೇ ಇಲ್ಲ. ಮನೆಯ ಮೇಲೆ ನಿಮ್ಮ ಹಕ್ಕು ಉಳಿಸಿಕೊಂಡು, ಮಗಳಿಗೆ 18 ಆದಾಗ ಅಥವಾ ಅದಕ್ಕೆ ಮುಂಚೆ ಮನೆ ಮಾರಿದಾಗ ನಿಮ್ಮ ಭಾಗ ಬರುವಂತೆ ಬರೆಸಬಹುದು. ಮೆಶರ್ ಆರ್ಡರ್ ಅನ್ನುತ್ತಾರೆ. ತಿಂಗಳ ಹಣ ಅದರ ಪಾಡಿಗೆ ಅದು. ಒಂದು ತೊಂದರೆ: ಅಷ್ಟು ವರ್ಷ ನಿಮ್ಮ ದುಡ್ಡು ಆ ಗೋಡೆಗಳಲ್ಲಿ ಸಿಕ್ಕಿಕೊಂಡಿರುತ್ತದೆ. ನಿಮಗೆ ಬೇರೆ ಮನೆ ಕೊಳ್ಳುವ ಯೋಚನೆ ಇದ್ದರೆ ಮೊದಲೇ ಮಾರ್ಟ್‌ಗೇಜ್ ಕೊಡುವವರ ಹತ್ತಿರ ವಿಚಾರಿಸಿ.

ಪ್ರಶ್ನೆ: ಮಗಳಿಗೆ 16, ಮಗನಿಗೆ 13. ಮೂರು ವರ್ಷದ ಹಿಂದೆ ಕನ್ಸೆಂಟ್ ಆರ್ಡರ್ ಆಗಿದೆ. ಅದರಲ್ಲಿ 'ಮಕ್ಕಳ ಇತರ ಖರ್ಚನ್ನು ಇಬ್ಬರೂ ನ್ಯಾಯವಾಗಿ ಹಂಚಿಕೊಳ್ಳುವುದಾಗಿ ಒಪ್ಪಿದ್ದಾರೆ' ಅಂತಿದೆ. ಈಗ ಮಗಳ ಅರಂಗೇಟ್ರಂ ಮಾಡ್ತಿದ್ದೀವಿ. ಹಾಲ್, ಮೃದಂಗ, ಹಾಡುಗಾರಿಕೆ, ಸೀರೆ, ಊಟ ಎಲ್ಲ ಸೇರಿ ದೊಡ್ಡ ಮೊತ್ತ. ಅರ್ಧ ಕೊಡಿ ಅಂದರೆ 'ಅದು ನಿನ್ನ ಶೋಕಿ' ಅಂತಾರೆ ಅವರಪ್ಪ. ಆಮೇಲೆ ಯೂನಿವರ್ಸಿಟಿ ಬೇರೆ ಬರ್ತಿದೆ. ಮಿಲ್ಟನ್ ಕೀನ್ಸ್‌ನಿಂದ.

ಉತ್ತರ: ಮಗಳಿಗೆ ಶುಭ ಹಾರೈಕೆ ಹೇಳಿ. ಅರ್ಧ ಹಣ ಮಾತ್ರ ಕೋರ್ಟಿನಿಂದ ಬರಲಾರದು. 'ನ್ಯಾಯವಾಗಿ' ಅನ್ನುವ ಪದ ಕಂಡರೆ ನಾನು ಪೆನ್ ತೆಗೆದು ಅಡ್ಡಗೆರೆ ಎಳೆಯುತ್ತೇನೆ. ನ್ಯಾಯ ಯಾವುದು ಅಂತ ಒಮ್ಮತ ಇದ್ದಿದ್ದರೆ ಇಬ್ಬರೂ ವಕೀಲರ ಹತ್ತಿರ ಬರುತ್ತಲೇ ಇರಲಿಲ್ಲ!

ನಿಮ್ಮ ಆರ್ಡರ್ ತೆಗೆದು ಆ ಸಾಲು ಎಲ್ಲಿದೆ ನೋಡಿ. ಕನ್ಸೆಂಟ್ ಆರ್ಡರ್‌ನಲ್ಲಿ ಮೂರು ಬಗೆಯ ಮಾತು ಇರುತ್ತವೆ. ಮೊದಲ ಪುಟಗಳಲ್ಲಿ 'ಇಬ್ಬರೂ ಒಪ್ಪಿದ್ದಾರೆ' ಅಂತ ಬರುವುದು ರಿಸೈಟಲ್. ನೆನಪಿಗೆ ಬರೆದಿಟ್ಟ ಹಾಗೆ. ಅದನ್ನೊಂದೇ ಹಿಡಿದು ಹಣ ವಸೂಲಿ ಮಾಡುವುದು ಕಷ್ಟ. ಆಮೇಲೆ ಅಂಡರ್‌ಟೇಕಿಂಗ್, ಅಂದರೆ ಕೋರ್ಟಿಗೇ ಕೊಟ್ಟ ಮಾತು. ತಪ್ಪಿದರೆ ಕೋರ್ಟು ಕೇಳುತ್ತದೆ. ಕೊನೆಗೆ 'ಆದೇಶಿಸಲಾಗಿದೆ' ಅಂದ ಮೇಲೆ ಬರುವುದು ನಿಜವಾದ ಆದೇಶ. ನಿಮ್ಮದು 'ಒಪ್ಪಿದ್ದಾರೆ' ಅಂತಿರುವುದರಿಂದ ರಿಸೈಟಲ್ ಇರಬೇಕು.

ಯೂನಿವರ್ಸಿಟಿಯ ವಿಷಯ ಇದಕ್ಕಿಂತ ಮುಖ್ಯ. ಸಿ.ಎಂ.ಎಸ್. ಮಗುವಿಗೆ 16ರವರೆಗೆ, ಎ-ಲೆವೆಲ್ ಥರದ ಪೂರ್ಣಾವಧಿ ಓದಿನಲ್ಲಿದ್ದರೆ 20 ತುಂಬುವ ತನಕ ನೋಡುತ್ತದೆ. ಡಿಗ್ರಿ ಅದರ ವ್ಯಾಪ್ತಿಯಲ್ಲೇ ಇಲ್ಲ. ಕೋರ್ಟು ಮಾತ್ರ ಓದುತ್ತಿರುವ ಮಗುವಿಗೆ 18ರ ಆಚೆಗೂ ಆದೇಶ ಮಾಡಬಹುದು. ಶಾಲೆಯ ಶುಲ್ಕದಂಥ ಓದಿನ ಖರ್ಚಿನ ಆದೇಶವೂ ಹಾಗೆಯೇ. ಸಿ.ಎಂ.ಎಸ್.ಗೆ ಯಾರೇ ಹೋದರೂ ಅದು ಬೀಳುವುದಿಲ್ಲ. ನಿಮ್ಮ ಆರ್ಡರ್ ಯಾವ ವಯಸ್ಸಿಗೆ ನಿಲ್ಲುತ್ತದೆ ಅಂತ ಇವತ್ತೇ ಓದಿ. 'ಮೊದಲ ಡಿಗ್ರಿ ಮುಗಿಯುವವರೆಗೆ' ಅಂತಿದ್ದರೆ ನೀವು ಪುಣ್ಯವಂತರು. 18ಕ್ಕೇ ನಿಂತರೆ ಮಗಳಿಗೆ 18 ಆಗುವ ಮುಂಚೆಯೇ ಅವರಪ್ಪನ ಹತ್ತಿರ ಮಾತಾಡಿ, ಒಪ್ಪಿದರೆ ಆರ್ಡರ್ ಅನ್ನು ಒಪ್ಪಿಗೆಯಿಂದಲೇ ಬದಲಾಯಿಸಿಕೊಳ್ಳಿ. ಅರಂಗೇಟ್ರಂ ಜಗಳವನ್ನು ಅದಕ್ಕೆ ಮುಂಚೆ ಜಾಸ್ತಿ ಎಳೆಯಬೇಡಿ. ಮೂರು ವರ್ಷದ ಖರ್ಚು ಒಂದು ಸಂಜೆಯ ಖರ್ಚಿಗಿಂತ ದೊಡ್ಡದು.

ಪ್ರಶ್ನೆ: ನಾವು ಮದುವೆಯೇ ಆಗಿರಲಿಲ್ಲ. ಆದರೂ ಕನ್ಸೆಂಟ್ ಆರ್ಡರ್ ಸಿಗುತ್ತಾ?

ಉತ್ತರ: ಸಿಗುತ್ತದೆ. 1989ರ ಚಿಲ್ಡ್ರನ್ ಆಕ್ಟ್‌ನ ಮೊದಲ ಷೆಡ್ಯೂಲ್ ಇರುವುದೇ ಅದಕ್ಕೆ. ಒಂದು ವರ್ಷದ ನಿಯಮ ನಿಮಗೂ ಉಂಟು.

ಪ್ರಶ್ನೆ: ಆರ್ಡರ್ ಆಗಿ ಎಂಟು ತಿಂಗಳು. ಮೂರು ತಿಂಗಳಿಂದ ದುಡ್ಡು ಬಂದಿಲ್ಲ. ಕೇಳಿದರೆ ಫೋನೇ ಎತ್ತಲ್ಲ. ಮಗನನ್ನು ಅವರ ಹತ್ತಿರ ಕಳಿಸೋದು ನಿಲ್ಲಿಸಲಾ ಅಕ್ಕಾ?

ಉತ್ತರ: ಬೇಡ. ನಿಮ್ಮ ಸಿಟ್ಟು ನ್ಯಾಯವೇ. ಆದರೆ ಮಗ ಅಪ್ಪನನ್ನು ನೋಡುವುದಕ್ಕೂ ಅಪ್ಪ ಹಣ ಕೊಡುವುದಕ್ಕೂ ಕಾನೂನಿನಲ್ಲಿ ಗಂಟು ಹಾಕಿಲ್ಲ. ಕಳಿಸುವುದು ನಿಲ್ಲಿಸಿದರೆ ನಾಳೆ ಕೋರ್ಟಿನಲ್ಲಿ ಉತ್ತರ ಹೇಳಬೇಕಾದವರು ನೀವಾಗುತ್ತೀರಿ.

ಡಿ50ಕೆ ಎಂಬ ಫಾರ್ಮ್ ತುಂಬಿ ಕೋರ್ಟಿಗೆ ಕೊಡಿ. ಆತ ತನ್ನ ಆದಾಯ, ಖಾತೆಗಳ ವಿವರ ಹಿಡಿದು ಬರಬೇಕಾಗುತ್ತದೆ. ಕೆಲಸದಲ್ಲಿದ್ದರೆ ಸಂಬಳದಿಂದಲೇ ಹಿಡಿದು ನಿಮಗೆ ಕಳಿಸುವಂತೆ ಮಾಲೀಕರಿಗೆ ಆದೇಶ ಹೋಗಬಹುದು. ತಡ ಮಾಡಬೇಡಿ. ಹನ್ನೆರಡು ತಿಂಗಳಿಗಿಂತ ಹಳೆಯ ಬಾಕಿಗೆ ಕೋರ್ಟಿನ ವಿಶೇಷ ಅನುಮತಿ ಬೇಕು, ಸುಲಭವಾಗಿ ಸಿಗುವುದಿಲ್ಲ.

ಇನ್ನು ನಾಲ್ಕು ತಿಂಗಳಾದರೆ ಸಿ.ಎಂ.ಎಸ್.ಗೂ ಹೋಗಬಹುದು. 2024ರ ಫೆಬ್ರವರಿಯಿಂದ ಅಲ್ಲಿ ಅರ್ಜಿ ಶುಲ್ಕ ಇಲ್ಲ. ಅವರೇ ವಸೂಲಿ ಮಾಡಿ ಕೊಡುವ 'ಕಲೆಕ್ಟ್ ಅಂಡ್ ಪೇ'ಯಲ್ಲಿ ಕೊಡುವವರ ಮೇಲೆ 20% ಹೆಚ್ಚುವರಿ ಬೀಳುತ್ತದೆ, ನಿಮಗೆ ಬರುವುದರಲ್ಲಿ 4% ಕಡಿತ. ಕೋರ್ಟ್ ಆರ್ಡರ್‌ನ ಹಳೆಯ ಬಾಕಿ ಅವರು ಮುಟ್ಟುವುದಿಲ್ಲ, ಅದನ್ನು ಕೋರ್ಟಿನಲ್ಲೇ ಕೇಳಬೇಕು. ಹೋಗುವ ಮುಂಚೆ ಅವರ ಲೆಕ್ಕದಲ್ಲಿ ನಿಮಗೆ ಎಷ್ಟು ಬರುತ್ತದೆ ನೋಡಿ. ಆರ್ಡರ್‌ನ ಮೊತ್ತವೇ ಜಾಸ್ತಿ ಇದ್ದರೆ ಕೋರ್ಟಿನಲ್ಲೇ ಇರಿ.

ಕೆಲಸ ಕಳೆದುಕೊಂಡ ತಂದೆಯರೂ ಇದನ್ನು ಓದುತ್ತಿರಬಹುದು. ಸುಮ್ಮನೆ ಕೊಡುವುದನ್ನು ನಿಲ್ಲಿಸಬೇಡಿ. ಮೊತ್ತ ಇಳಿಸಿ ಅಂತ ಅರ್ಜಿ ಹಾಕಿ. ಹಾಕದಿದ್ದರೆ ಬಾಕಿ ಬೆಳೆಯುತ್ತಲೇ ಹೋಗುತ್ತದೆ.

ಪ್ರಶ್ನೆ: ತಾಯಿ, ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಮಗಳು, ಮೊಮ್ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾರೆ. ಅಳಿಯ ಬೇರೆಯಾಗಿ ಬೆಂಗಳೂರಿಗೆ ಬಂದು ಕೆಲಸ ಹಿಡಿದಿದ್ದಾನೆ. ಅವನು ಈ ದೇಶದಲ್ಲಿಲ್ಲ, ನಮಗೆ ಅಧಿಕಾರ ಇಲ್ಲ ಎಂದು ಅಲ್ಲಿಯ ಇಲಾಖೆಯವರು ಕೈ ತೊಳೆದುಕೊಂಡರಂತೆ. ಹುಡುಗ ಕೆಟ್ಟವನಲ್ಲ, ಕೊಡುತ್ತೇನೆ ಎನ್ನುತ್ತಾನೆ. ಏನು ಮಾಡಿಸಬೇಕು?

ಉತ್ತರ: ರಾಯರೇ, ಅವರು ಹೇಳಿದ್ದು ಸರಿ. ಕೊಡಬೇಕಾದವರು ಬ್ರಿಟನ್ನಿನಲ್ಲಿ ನೆಲೆಸಿರದಿದ್ದರೆ ಸಿ.ಎಂ.ಎಸ್.ಗೆ ಸಾಮಾನ್ಯವಾಗಿ ಅಧಿಕಾರ ಇಲ್ಲ. ಬ್ರಿಟಿಷ್ ಕಂಪನಿಯೇ ಅವರನ್ನು ಹೊರಗೆ ಕಳಿಸಿ ಸಂಬಳ ಅಲ್ಲಿಂದಲೇ ಕೊಡುತ್ತಿದ್ದರೆ ಬೇರೆ ಮಾತು, ಅದನ್ನು ಒಮ್ಮೆ ವಿಚಾರಿಸಿ. ಇದರಲ್ಲೇ ನಿಮ್ಮ ಮಗಳಿಗೆ ಒಂದು ಅನುಕೂಲವೂ ಇದೆ. ಸಿ.ಎಂ.ಎಸ್. ಬಾಗಿಲು ಮುಚ್ಚಿದ್ದರೆ ಕೋರ್ಟಿನ ಬಾಗಿಲು ಪೂರ್ತಿ ತೆರೆದಿರುತ್ತದೆ. ಅಳಿಯಂದಿರು ಹೊರದೇಶದಲ್ಲಿರುವವರೆಗೆ ಒಂದು ವರ್ಷದ ನಿಯಮದ ಭಯವಿಲ್ಲ.

ಆದೇಶ ಪಡೆಯುವುದಕ್ಕಿಂತ ಭಾರತದಲ್ಲಿ ಅದನ್ನು ಜಾರಿ ಮಾಡಿಸುವುದು ಕಷ್ಟ. ಜೀವನಾಂಶದ ವಸೂಲಿಗಾಗಿ ಹಲವು ದೇಶಗಳು ಸೇರಿ ಮಾಡಿಕೊಂಡ 2007ರ ಹೇಗ್ ಒಪ್ಪಂದದಲ್ಲಿ ಭಾರತ ಇಲ್ಲ. ಹಾಗಾಗಿ ಅಳಿಯಂದಿರಿಗೆ ಇನ್ನೂ ಮನಸ್ಸಿರುವಾಗಲೇ ಆದಷ್ಟು ಹಣ ಮೊದಲೇ ಇಡಿಸಿಕೊಳ್ಳುವ ದಾರಿ ನೋಡಿ. ಇಂಗ್ಲೆಂಡಿನಲ್ಲಿ ಅವರ ಹೆಸರಿನಲ್ಲಿ ಮನೆಯ ಪಾಲೋ ಬ್ಯಾಂಕಿನ ಹಣವೋ ಇದ್ದರೆ ಅದನ್ನು ಭದ್ರತೆಯಾಗಿ ಆರ್ಡರ್‌ನಲ್ಲಿ ಬರೆಸಿ. ಮೊತ್ತ ಪೌಂಡಿನಲ್ಲೇ ಇರಲಿ. ಮೊಮ್ಮಗಳ ಶಾಲೆ, ಬಟ್ಟೆ, ಊಟ ಎಲ್ಲ ಪೌಂಡಿನಲ್ಲೇ ನಡೆಯುವುದು. ಆದರೆ ರೂಪಾಯಿ ಕುಸಿದರೆ ಅವರಿಗೆ ಹೊರೆ ಏರುತ್ತದೆ. ವಿನಿಮಯ ದರ ಇಷ್ಟಕ್ಕಿಂತ ಮೇಲೆ ಹೋದರೆ ಇಬ್ಬರೂ ಕೂತು ಮಾತಾಡುವುದು ಅಂತ ಒಂದು ಸಾಲು ಸೇರಿಸಿದರೆ ಅವರೂ ಬೇಗ ಸಹಿ ಹಾಕುತ್ತಾರೆ. ಅವರ ಬೆಂಗಳೂರಿನ ವಿಳಾಸ, ಕಂಪನಿ, ಪ್ಯಾನ್ ನಂಬರ್ ಎಲ್ಲ ಮಗಳ ಹತ್ತಿರ ಬರೆದಿಟ್ಟುಕೊಂಡಿರಲಿ. ಈಗ ಕೇಳಿದರೆ ಕೊಡುತ್ತಾರೆ.